ಸಮುದ್ರದ ಕಂಬದ ಒಂದು ಹೋಳು

ನವೆಂಬರ್ 3, ಸೋಮವಾರ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ದಿನವಿಡೀ ಗ್ಯಾಸ್ ಕಟಿಂಗ್ ಟಾರ್ಚ್ ಹಿಡಿದ ಕೈ ಸಂಜೆ ಪೆನ್ನನ್ನೂ ಟಾರ್ಚ್ ಎಂದುಕೊಂಡು ಬಿಗಿಯಾಗಿ ಹಿಡಿಯುತ್ತದೆ. ಒತ್ತಕ್ಷರಗಳು ಗೆರೆಯ ಕೆಳಗೆ ಜಾರುತ್ತವೆ. ಕಾಗುಣಿತದಲ್ಲೂ ತಪ್ಪುಗಳಿರುತ್ತವೆ. ಯಾರೂ ಓದದ ಪುಸ್ತಕಕ್ಕೆ ಕ್ಷಮೆ ಯಾಕೆಂದರೆ ಪುಸ್ತಕ ಬಹಳ ಚೆನ್ನಾಗಿದೆ. ಗೊಬ್ಬರದ ಅಂಗಡಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿ ಇದು. ಇಷ್ಟು ದಿನ ಅಮ್ಮ ಇದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದಳು. ಪುಟದ ಮೇಲೆ ಜನವರಿ ಒಂದು ಎಂದು ಅಚ್ಚಾಗಿದೆ. ಅದನ್ನು ಹೊಡೆದು ಇವತ್ತಿನ ತಾರೀಖು ಬರೆದಿದ್ದೇನೆ. ಹತ್ತು ತಿಂಗಳ ಕಾಗದ ದಂಡ ಮಾಡುವುದು ನನ್ನಿಂದಾಗದು.

ಬರೆಯಲು ಹೇಳಿದವರು ಗೋವಿಂದಜ್ಜ. ನಮ್ಮ ಗುಜರಿ ಯಾರ್ಡಿನ ಮೇಸ್ತ್ರಿ. ಹೆಸರು ಗೋವಿಂದಯ್ಯ, ನಾನೊಬ್ಬಳು ಅಜ್ಜ ಎನ್ನುತ್ತೇನೆ. "ಬರಿ ಮಾರಾಯ್ತಿ. ನಿನ್ನ ಬಾಯಲ್ಲಿ ಬರದೇ ಇರೋದು ಕೈಯಲ್ಲಾದ್ರೂ ಬರ್ಲಿ" ಎಂದರು. ಅವರು ಹೇಳಿದ್ದು ನಿಜ. ನಾಲ್ಕು ಜನರ ಮುಂದೆ ನನಗೆ ಗಂಟಲು ಕಟ್ಟುತ್ತದೆ. ಫೋನು ಬಂದರೆ ಅಮ್ಮನ ಕೈಗೆ ಕೊಡುತ್ತೇನೆ.

ಕಬ್ಬಿಣದ ವಿಷಯದಲ್ಲಿ ಮಾತ್ರ ನನಗೆ ಸಂಶಯ ಬರುವುದಿಲ್ಲ. ಅಪ್ಪ ಹಳೆಯ ಸಕ್ಕರೆ ಕಾರ್ಖಾನೆಗಳನ್ನು ಬಿಚ್ಚುವ ಗ್ಯಾಂಗಿನಲ್ಲಿದ್ದರು. ನಾವೂ ಅವರ ಜೊತೆ ಊರಿಂದೂರಿಗೆ ಹೋಗುತ್ತಿದ್ದೆವು. ಒಂದು ಊರಿನ ಶಾಲೆಯಲ್ಲಿ ನನ್ನ ಟೀಸಿ ಉಳಿದುಹೋಯಿತು, ಓದು ಐದನೇ ಕ್ಲಾಸಿಗೆ ನಿಂತಿತು. ಭದ್ರಾವತಿಗೆ ವಾಪಸು ಬಂದು, ಹದಿನೆಂಟು ತುಂಬಿದ ವಾರ ಅಜ್ಜ ನನ್ನ ಕೈಗೆ ಟಾರ್ಚ್ ಕೊಟ್ಟರು. ಆರು ವರ್ಷವಾಯಿತು. ನಾನು ಕೊಯ್ದ ಗೆರೆಯನ್ನು ಯಾರೂ ಎರಡನೇ ಸಲ ಕೊಯ್ದಿಲ್ಲ.

ನಾಡಿದ್ದು ಸಮುದ್ರದ ಕಂಬ ಬರುತ್ತದಂತೆ.

ನವೆಂಬರ್ 5, ಬುಧವಾರ

ಬಂತು. ಮಂಗಳೂರಿನಿಂದ ಟ್ರೇಲರ್ ಮೇಲೆ, ಎರಡು ದಿನದ ದಾರಿ.

ಸಮುದ್ರದ ಮಧ್ಯೆ ಗ್ಯಾಸು ತೆಗೆಯಲು ಕಬ್ಬಿಣದ ಅಟ್ಟಣೆ ಕಟ್ಟುತ್ತಾರಂತೆ. ಹೊಲ ಕಾಯುವವರ ಅಟ್ಟಣೆಯ ಹಾಗೆಯೇ, ಕಾಲುಗಳು ಮಾತ್ರ ನೀರಿನೊಳಗೆ ನೆಲ ಮುಟ್ಟುವಷ್ಟು ಉದ್ದ. ಈ ಅಟ್ಟಣೆಯ ಗ್ಯಾಸು ಮುಗಿದು ಎಷ್ಟೋ ವರ್ಷವಾಗಿದೆ. ಈಗ ಕಿತ್ತು ತೆಗೆಯಲೇಬೇಕು. ಕೀಳುವ ಗುತ್ತಿಗೆ ಹಿಡಿದ ಮುಂಬಯಿಯ ಕಂಪನಿಯವರು ಕಾಲಿನ ಒಂದು ತುಂಡನ್ನು ಮಾದರಿಗೆಂದು ನಮಗೆ ಕಳಿಸಿದ್ದಾರೆ. ದರ ಒಪ್ಪಿಗೆಯಾದರೆ ಇಂಥದ್ದು ಆರುನೂರು ಟನ್ ಬರುತ್ತದೆ. ಕೊಯ್ದು ಮಾಚೇನಹಳ್ಳಿಯ ಫೌಂಡ್ರಿಗಳಿಗೆ ಹಾಕಿದರೆ ಯಾರ್ಡಿನ ಹದಿನೆಂಟು ಜನಕ್ಕೆ ಒಂದು ವರ್ಷದ ಕೆಲಸ.

ತುಂಡು ಇಪ್ಪತ್ತಡಿ ಉದ್ದ, ನಾಲ್ಕಡಿ ಅಗಲ. ದಾರಿಯಲ್ಲಿ ಒಳಗಿನ ಕೊಳೆ ಸುರಿಯದಿರಲಿ ಎಂದು ಎರಡೂ ತುದಿಗೆ ತಗಡು ಹೊಚ್ಚಿ ವೆಲ್ಡ್ ಮಾಡಿದ್ದಾರೆ. ಮೈತುಂಬ ಚಿಪ್ಪು, ನನ್ನ ಬೆರಳಿಗಿಂತ ದಪ್ಪ ಪದರ. ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ಬಂದು ಕುಳಿತವು.

ವೇಬ್ರಿಡ್ಜಿನಲ್ಲಿ ಹದಿನಾಲ್ಕು ಟನ್ ಬಂತು. ಆಮೇಲೆ ಅಜ್ಜ ಸುತ್ತಿಗೆ ತಂದರು. ಅವರು ಕಬ್ಬಿಣವನ್ನು ಬಡಿದು ಕೇಳಿ ದಪ್ಪ ಹೇಳುತ್ತಾರೆ. ಬಾಯ್ಲರಿನ ಒಳಗೆ ಎಲ್ಲಿ ತುಕ್ಕು ತಿಂದಿದೆ ಎಂದು ಹೊರಗೆ ನಿಂತೇ ತೋರಿಸುತ್ತಾರೆ. ಹರಿಹರ, ದಾವಣಗೆರೆಯ ಗುಜರಿಯವರೂ ದರ ಹೇಳುವ ಮೊದಲು ಅವರನ್ನು ಕರೆಸುತ್ತಿದ್ದರು. ಇವತ್ತು ಐದು ಕಡೆ ಚಿಪ್ಪು ಕೆರೆದು, ಐದು ಕಡೆ ಬಡಿದು, ಕಿವಿ ಇಟ್ಟು ಕೇಳಿದರು. ಸದ್ದು ದಬ್ ಎಂದು ಅಲ್ಲೇ ಸತ್ತುಹೋಗುತ್ತಿತ್ತು.

"ಮೂರು ಇಂಚು. ತುಂಬು ಕಬ್ಬಿಣ."

ಯಜಮಾನರ ಅಳಿಯ ಜ್ಞಾನೇಶ್ ಸರ್ ಮೊಬೈಲಿನಲ್ಲಿ ಲೆಕ್ಕ ಮಾಡಿ, "ಕರೆಕ್ಟ್. ಮೂರು ಇಂಚಾದ್ರೆ ಹದಿನಾಲ್ಕು ಟನ್ನೇ ಬರುತ್ತೆ" ಎಂದರು. ದರ, ಕಾಗದಪತ್ರ ಎಲ್ಲ ಅವರೇ ನೋಡುವುದು. ಶಿವಮೊಗ್ಗದ ನೆಹರು ರಸ್ತೆಯಲ್ಲಿ ಅವರ ಆಫೀಸಿದೆ.

ಯಜಮಾನರು ಚಂದ್ರಶೇಖರಪ್ಪನವರು ನಕ್ಕರು. "ವೇಬ್ರಿಡ್ಜು ಸುಳ್ಳು ಹೇಳಬಹುದು ಕಣಯ್ಯ. ಗೋವಿಂದಯ್ಯನ ಕಿವಿ ಎಕ್ಸ್‌ರೇ."

ಕಿಲೋಗೆ ಇಪ್ಪತ್ತೆರಡು ಕೊಟ್ಟು ತೆಗೆದುಕೊಳ್ಳುವುದು, ಮೂವತ್ತೆರಡಕ್ಕೆ ಮಾರುವುದು. ಇಪ್ಪತ್ತನೇ ತಾರೀಖು ಸಹಿ.

ನವೆಂಬರ್ 8, ಶನಿವಾರ

ಗಲ್ಲದ ಕೆಳಗೆ ಸುಟ್ಟಿದೆ. ಹೆಚ್ಚೇನಲ್ಲ, ಒಂದು ಕಡಲೆಯಷ್ಟು.

ಅಜ್ಜ ತರೀಕೆರೆಯ ಮಗಳ ಮನೆಗೆ ಹೋಗಿದ್ದರು. ಉಳಿದವರು ಹಳೆಯ ಶೆಡ್ಡು ಬಿಚ್ಚಲು ನ್ಯೂಟೌನಿಗೆ ಹೋಗಿದ್ದರು. ಕಂಬವನ್ನು ಕೊಯ್ದು ನೋಡುವ ಕೆಲಸ ನನ್ನದು. ಮೂರು ಇಂಚು ಕೊಯ್ಯುವ ನಾಜಲ್ ಹಾಕಿ ಶುರು ಮಾಡಿದೆ. ಬೆಂಕಿ ಕಬ್ಬಿಣವನ್ನು ದಾಟಿದಾಗ ಕೈಗೆ ತಿಳಿಯುತ್ತದೆ. ಕರಗಿದ ಕಿಟ್ಟ ಆಚೆಗೆ ಹೋಗುತ್ತದೆ, ಟಾರ್ಚ್ ಹಗುರವಾಗುತ್ತದೆ. ಇಲ್ಲಿ ಒಂದು ಇಂಚಿಗೇ ದಾಟಿದ ಹಾಗಾಯಿತು. ಆದರೆ ಕಿಟ್ಟ ಆಚೆಗೆ ಹೋಗಲಿಲ್ಲ, ನನ್ನ ಕಡೆಗೇ ತಿರುಗಿತು. ಆಮೇಲೆ ಒಲೆಯಲ್ಲಿ ಹಸಿ ಕಲ್ಲು ಸಿಡಿದಂತೆ ಪಟ್ ಎಂದಿತು. ಬಿಸಿ ಚೂರು ಕನ್ನಡಕದ ಕೆಳಗಿಂದ ಬಂದು ಗಲ್ಲಕ್ಕೆ ಬಡಿಯಿತು.

ಟಾರ್ಚ್ ಆರಿಸಿ ಕುಳಿತೆ. ನನ್ನ ಕೈ ತಪ್ಪಿಲ್ಲ ಎಂದು ಗೊತ್ತಿತ್ತು. ಸಣ್ಣ ನಾಜಲ್ ಹಾಕಿ, ಪಕ್ಕಕ್ಕೆ ನಿಂತು, ಒಂದು ಗೇಣು ಚೌಕ ಕೊಯ್ದು ತೆಗೆದೆ. ಒಳಗೆ ಸಿಮೆಂಟು.

ಸಿಮೆಂಟನ್ನು ಉಳಿಯಿಂದ ಒಡೆಯುತ್ತಾ ಹೋದೆ. ಮಧ್ಯಾಹ್ನ ಊಟ ಮಾಡಲಿಲ್ಲ. ಐದು ಇಂಚು ಸಿಮೆಂಟು ಕಳೆದ ಮೇಲೆ ಒಳಗೆ ಇನ್ನೊಂದು ಪೈಪು ಸಿಕ್ಕಿತು. ಡ್ರಿಲ್ಲಿನಿಂದ ಸಣ್ಣ ತೂತು ಹಾಕಿ ನೋಡಿದೆ, ಅದೂ ಒಂದೇ ಇಂಚು. ಸಮುದ್ರದ ನೆಲಕ್ಕೆ ಬಡಿದ ಗೂಟ ಅದೇ ಇರಬೇಕು. ಗೂಟಕ್ಕೂ ಕಾಲಿಗೂ ನಡುವೆ ಗಟ್ಟಿಯಾಗಲಿ ಎಂದು ಗಾರೆ ತುಂಬಿದ್ದಾರೆ.

ಅಜ್ಜ ಕೇಳಿದ ಸತ್ತ ಸದ್ದು ಕಬ್ಬಿಣದ್ದಲ್ಲ. ನಮ್ಮೂರಿನ ಯಾವ ಬಾಯ್ಲರಿನೊಳಗೂ ಯಾರೂ ಗಾರೆ ತುಂಬಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು?

ನವೆಂಬರ್ 10, ಸೋಮವಾರ

ಎಲ್ಲರಿಗಿಂತ ಮೊದಲು ಹೋಗಿ ಅಜ್ಜನಿಗೆ ಕೊಯ್ದ ಆ ಚೌಕದ ಕಿಟಕಿ ತೋರಿಸಿದೆ. ಬಗ್ಗಿ ನೋಡಿದರು. ಕೈ ಹಾಕಿ ಗಾರೆಯನ್ನು ಮುಟ್ಟಿದರು. ಸುತ್ತಿಗೆ ತಂದು ಪಕ್ಕದಲ್ಲಿ ಬಡಿದರು, ಕಿವಿ ಇಟ್ಟರು, ಮತ್ತೆ ಬಡಿದರು. ನಾನು ಕಣ್ಣು ತಿರುಗಿಸಿಕೊಂಡೆ.

"ಬೇರೆ ಯಾರಾದ್ರೂ ನೋಡಿದ್ರಾ?"

"ಇಲ್ಲ ಅಜ್ಜ."

"ಯಜಮಾನ್ರಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ."

ಬಾಯಿ ಬಿಡಬೇಡ ಎಂದು ನನಗೆ ಹೇಳಬೇಕಾಗಿ ಬಂದ ಮೊದಲ ಮನುಷ್ಯ ಅವರು. ಒಂದು ತಗಡು ತಂದು ಕಿಟಕಿಗೆ ಒರಗಿಸಿ ಇಟ್ಟೆವು.

ನವೆಂಬರ್ 12, ಬುಧವಾರ

ಯಜಮಾನರು ಹತ್ತು ಗಂಟೆಗೆ ಬಂದು ಅಜ್ಜನ ಜೊತೆ ಚಹಾ ಕುಡಿದರು. ಅಡಿಕೆಯ ದರ ಮಾತಾಡಿದರು. ಅಜ್ಜ ಹೇಳಲಿಲ್ಲ.

ನವೆಂಬರ್ 13, ಗುರುವಾರ

ಇಂದೂ ಹೇಳಲಿಲ್ಲ.

ಸಂಜೆ ನಾನೇ ಯಜಮಾನರ ಮನೆ ಬಾಗಿಲವರೆಗೆ ಹೋದೆ. "ಏನಮ್ಮ ಸರಸ್ವತಿ?" ಎಂದರು. "ಏನಿಲ್ಲ" ಎಂದು ವಾಪಸು ಬಂದೆ. ಅವರ ಹೆಂಡತಿ ಎರಡು ಬಾಳೆಹಣ್ಣು ಕೊಟ್ಟರು. ದಾರಿಯಲ್ಲಿ ತಿಂದೆ.

ನವೆಂಬರ್ 15, ಶನಿವಾರ

ಜ್ಞಾನೇಶ್ ಸರ್ ಮೈಸೂರುಪಾಕು ತಂದಿದ್ದರು. ಕಂಪನಿಗೆ ಫೋನಿನಲ್ಲಿ ದರ ಹೇಳಿಯಾಗಿದೆ, ಅವರೂ ಒಪ್ಪಿದ್ದಾರೆ. ಗುರುವಾರ ಕಂಪನಿಯ ಎಂಜಿನಿಯರ್ ಮೇಡಂ ಶಿವಮೊಗ್ಗಕ್ಕೆ ಬಂದು ಸಹಿ ಮಾಡಿಸಿಕೊಳ್ಳುತ್ತಾರೆ. ಯಜಮಾನರು ಮದುವೆಗೆಂದು ದಾವಣಗೆರೆಗೆ ಹೋದರು, ಬರುವುದು ಬುಧವಾರ ರಾತ್ರಿ.

"ಏನು ಸರಸ್ವತಿ, ಸ್ವೀಟ್ ತಿನ್ನಲ್ವಾ?" ಎಂದು ಸರ್ ಕೇಳಿದರು. ಎಲ್ಲರ ಕಡೆ ತಿರುಗಿ, "ಹೆಸರು ಸರಸ್ವತಿ, ಓದಿದ್ದು ಐದು, ಮಾತಾಡೋದು ವರ್ಷಕ್ಕೊಂದು" ಎಂದರು. ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಮಧ್ಯಾಹ್ನ ಮೈ ಸರಿಯಿಲ್ಲ ಎಂದು ಸುತ್ತಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಸುತ್ತಿಗೆಯನ್ನು ಅವರು ಯಾವತ್ತೂ ಮನೆಗೆ ಒಯ್ದವರಲ್ಲ.

ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಈ ದರಕ್ಕೆ ಸಹಿ ಬಿದ್ದು ಯಾರ್ಡು ಮುಚ್ಚಿದರೆ ಹದಿನೆಂಟು ಜನಕ್ಕೆ ನಷ್ಟ. ಅಜ್ಜನ ಕಿವಿ ಸುಳ್ಳಾಯಿತು ಎಂದು ಊರೆಲ್ಲ ಹೇಳಿದರೆ ಅಜ್ಜನೊಬ್ಬರಿಗೆ. ಆದರೆ ಆ ಒಬ್ಬರು ಅಜ್ಜ.

ನವೆಂಬರ್ 16, ಭಾನುವಾರ

ರಜೆ. ಯಾರ್ಡಿನ ಬೀಗದ ಕೈ ನನ್ನ ಹತ್ತಿರ ಇತ್ತು.

ಮೊದಲು ಒಂದು ತುದಿಯ ತಗಡಿನಲ್ಲಿ ಡ್ರಿಲ್ಲಿನಿಂದ ತೂತು ಹಾಕಿ ನೀರು ಬಿಟ್ಟೆ. ಒಳಗೇನಿದೆ ಎಂದು ಗೊತ್ತಿಲ್ಲದ ಪೈಪಿಗೆ ಬೆಂಕಿ ಇಡಬಾರದು. ಕಪ್ಪು ಕೆಸರು ಬಂತು, ಸೀಮೆಎಣ್ಣೆಯಂಥ ನಾತ. ಅದು ಪೂರ್ತಿ ಹೋಗುವವರೆಗೆ ಒಂದು ಗಂಟೆ ಕಾದೆ. ಆಮೇಲೆ ತಗಡು ಕೊಯ್ದು ತೆಗೆದೆ. ತುದಿಯಲ್ಲಿ ಎಲ್ಲ ಪದರಗಳೂ ಕಂಡವು. ಚಿಪ್ಪು, ಕಬ್ಬಿಣ, ಗಾರೆ, ಮತ್ತೆ ಕಬ್ಬಿಣ. ಈರುಳ್ಳಿ ಹೆಚ್ಚಿದ ಹಾಗೆ.

ಪಕ್ಕಪಕ್ಕದಲ್ಲೇ ಎರಡು ಹೋಳು ತೆಗೆದೆ. ಗೇಣುದ್ದ, ಒಂದೂವರೆ ಗೇಣು ಅಗಲ. ಕಬ್ಬಿಣಕ್ಕೆ ಬೆಂಕಿ, ಗಾರೆಗೆ ಉಳಿ. ಬಿಸಿಗೆ ಗಾರೆ ಸಿಡಿಯುತ್ತದೆ ಎಂದು ಈಗ ಗೊತ್ತು, ಅದಕ್ಕೆ ಎದುರು ನಿಲ್ಲಲಿಲ್ಲ, ಒದ್ದೆ ಗೋಣಿ ಅಡ್ಡ ಹಿಡಿದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಮುಗಿದಾಗ ನಾಲ್ಕೂವರೆ. ಮೂರು ಸಿಲಿಂಡರ್ ಆಕ್ಸಿಜನ್ ಖಾಲಿ. ಬಾಯ್ಲರ್ ತಗಡಾದರೆ ಇಷ್ಟಕ್ಕೆ ಅರ್ಧ ಗಂಟೆ.

ಹೋಳುಗಳನ್ನು ತೂಗಿದೆ. ಒಂದೊಂದೂ ನಲವತ್ತು ಕಿಲೋ. ಒಂದನ್ನು ಒಡೆದು ಬೇರೆ ಬೇರೆ ಮಾಡಿ ತೂಗಿದೆ. ಕಬ್ಬಿಣ ಇಪ್ಪತ್ತೆರಡು, ಗಾರೆ ಹದಿನೈದು, ಚಿಪ್ಪು ಮೂರು. ನಲವತ್ತು ಕಿಲೋಗೆ ನಾವು ಕೊಡುವುದು ಎಂಟುನೂರ ಎಂಬತ್ತು ರೂಪಾಯಿ. ಇಪ್ಪತ್ತೆರಡು ಕಿಲೋ ಕಬ್ಬಿಣ ಮಾರಿದರೆ ಬರುವುದು ಏಳುನೂರ ನಾಲ್ಕು. ಗ್ಯಾಸು, ಕೂಲಿ, ಗಾರೆ ಎಸೆಯುವ ಖರ್ಚು ಬೇರೆ. ಮೂರು ಸಲ ಲೆಕ್ಕ ಮಾಡಿದೆ. ಐದನೇ ಕ್ಲಾಸಿನ ಗುಣಾಕಾರ ಸಾಕಾಯಿತು.

ಇನ್ನೊಂದು ಹೋಳನ್ನು ಬಿಡಿಬಿಡಿಯಾಗದಂತೆ ತಂತಿ ಬಿಗಿದು ಕಟ್ಟಿದೆ.

ಅಲ್ಲಿಂದ ನೇರ ಅಜ್ಜನ ಮನೆಗೆ ಹೋದೆ. ಹೊಳೆಯ ಹತ್ತಿರದ ಬೀದಿ, ಹಳೇನಗರ. ಅವರು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಎರಡು ಹಿಡಿ ಸುಲಿದೆ. ಆಮೇಲೆ ಹೇಳಿದೆ.

"ಅಜ್ಜ, ಗುರುವಾರ ನಾನು ಶಿವಮೊಗ್ಗಕ್ಕೆ ಹೋಗ್ತೀನಿ."

"ನಲವತ್ತು ವರ್ಷ ಸರಸು," ಎಂದರು. "ನಾನು ಓದಿದ್ದೂ ನಿನ್ನಷ್ಟೇ. ಜನ ಈ ಕಿವಿಗೆ ಮರ್ಯಾದೆ ಕೊಟ್ರು. ಅದೂ ಹೋದ್ಮೇಲೆ ನಾನು ಯಾರು, ಸಿಲಿಂಡರ್ ಉರುಳಿಸೋನು."

"ಕಿವಿ ಸರಿಯಾಗೇ ಇದೆ. ಅದಕ್ಕೆ ಗಾರೆ ಸದ್ದು ಗೊತ್ತಿರ್ಲಿಲ್ಲ, ಅಷ್ಟೆ. ಈಗ ಗೊತ್ತಾಯ್ತಲ್ಲ."

"ಭಾರಿ ಮಾತು ಕಲ್ತೆ ನೀನು."

ಅಜ್ಜಿ ಕಾಫಿ ಕೊಟ್ಟರು. ಏಳುವಾಗ ಹೇಳಿದೆ: "ಮೊದಲ ಬಸ್ಸಿಗೆ ಹೋಗ್ತೀನಿ. ಮಾತಾಡೋಕೆ ಬರ್ಲಿಲ್ಲ ಅಂದ್ರೆ ಹೋಳು ಅಲ್ಲಿಟ್ಟು ಬರ್ತೀನಿ."

ನವೆಂಬರ್ 19, ಬುಧವಾರ

ಅಜ್ಜ ಮೂರು ದಿನದಿಂದ ಯಾರ್ಡಿಗೆ ಬಂದಿಲ್ಲ. ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದೇನೆ. ಅಮ್ಮ "ಹುಡುಗನ ಕಡೆಯವರು ಬರ್ತಾರೇನೆ?" ಎಂದು ಕೇಳಿದಳು.

ನವೆಂಬರ್ 20, ಗುರುವಾರ

ಇವತ್ತು ಹೆಚ್ಚು ಬರೆಯಲಾರೆ, ಭುಜ ನೋಯುತ್ತಿದೆ.

ಬೆಳಿಗ್ಗೆ ಯಾರ್ಡಿನಿಂದ ಕೈಗಾಡಿಯಲ್ಲಿ ಗೋಣಿಚೀಲ ತಳ್ಳಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲಿ ಬಿಳಿ ಶರ್ಟು ಹಾಕಿಕೊಂಡು ಅಜ್ಜ ನಿಂತಿದ್ದರು. ಕಂಕುಳಲ್ಲಿ ಟವೆಲಿನ ಗಂಟು. ಚೀಲದ ಒಂದು ಕಿವಿ ಹಿಡಿದರು.

ಕಂಡಕ್ಟರ್ ಚೀಲವನ್ನು ಕಾಲಿನಿಂದ ತಳ್ಳಿ ನೋಡಿದ. ಅದು ಅಲುಗಲಿಲ್ಲ. "ಏನಮ್ಮ ಇದು, ಹಲಸಿನ ಹಣ್ಣಾ?"

"ಸಮುದ್ರದ ಕಂಬ" ಎಂದೆ.

"ಹಂಗಾದ್ರೆ ಸಮುದ್ರಕ್ಕೂ ಒಂದು ಲಗೇಜ್ ಟಿಕೆಟ್ ತಗೋ."

ಆಫೀಸು ಎರಡನೇ ಮಹಡಿ. ಮೆಟ್ಟಿಲು ಹತ್ತುವಾಗ ಅಜ್ಜ ಎರಡು ಸಲ ನಿಂತರು. ಒಳಗೆ ಯಜಮಾನರು, ಜ್ಞಾನೇಶ್ ಸರ್, ಕಂಪನಿಯ ಎಂಜಿನಿಯರ್ ಪ್ರಿಯದರ್ಶಿನಿ ಮೇಡಂ. ಮೇಡಂಗೆ ನನಗಿಂತ ಏಳೆಂಟು ವರ್ಷ ಹೆಚ್ಚಿರಬಹುದು. ಮೇಜಿನ ಮೇಲೆ ಕಾಗದ, ಅದರ ಮೇಲೆ ಪೆನ್ನು. ನಾನು ಚೀಲ ಬಿಚ್ಚಿ ಹೋಳನ್ನು ನೆಲದ ಮೇಲಿಟ್ಟೆ. ಮೆಲ್ಲಗೇ ಇಟ್ಟೆ, ಆದರೂ ಟೈಲ್ಸ್ ಬಿರಿಯಿತು.

"ಏಯ್, ಏನಿದು?" ಎಂದು ಜ್ಞಾನೇಶ್ ಸರ್ ಎದ್ದರು.

ನಾನು ಬಗ್ಗಿ ಹೋಳಿನ ತಂತಿ ಸರಿಮಾಡತೊಡಗಿದೆ. ಆಗ ಅಜ್ಜ ಮುಂದೆ ಬಂದು ಟವೆಲ್ ಬಿಚ್ಚಿ ಸುತ್ತಿಗೆಯನ್ನು ಆ ಕಾಗದದ ಮೇಲಿಟ್ಟರು.

"ಯಜಮಾನ್ರೆ, ನನ್ನ ಕಿವಿ ತಪ್ಪಿತು. ಮೂರು ಇಂಚು ಅಂದಿದ್ದೆ. ಅಲ್ಲ. ಹತ್ತು ದಿನದಿಂದ ನಂಗೊತ್ತು, ಹೇಳೋಕೆ ನಾಚಿಕೆಯಾಯ್ತು. ಈ ಹುಡುಗಿ ಬಾಯಿ ನಾನೇ ಕಟ್ಟಿದ್ದೆ. ಉಳಿದಿದ್ದು ಅವಳು ಹೇಳ್ತಾಳೆ."

ನಾನು ಹೆಚ್ಚೇನೂ ಹೇಳಲಿಲ್ಲ. ಹೋಳಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಇದು ಚಿಪ್ಪು, ಇದು ಹೊರಗಿನ ಕಾಲು, ಇದು ಗಾರೆ, ಇದು ಒಳಗಿನ ಗೂಟ ಎಂದು ತೋರಿಸಿದೆ. ತೂಕ ಹೇಳಿದೆ. ನಲವತ್ತಕ್ಕೆ ಕೊಡೋದೆಷ್ಟು, ಇಪ್ಪತ್ತೆರಡಕ್ಕೆ ಬರೋದೆಷ್ಟು ಹೇಳಿದೆ. ಬೇಕಾದರೆ ತಕ್ಕಡಿ ತರಿಸಿ, ಇಲ್ಲೇ ಒಡೆದು ತೂಗೋಣ ಎಂದೆ. ಎಷ್ಟು ಆಕ್ಸಿಜನ್, ಎಷ್ಟು ಗಂಟೆ, ಗಾರೆ ಹೇಗೆ ಸಿಡಿಯುತ್ತದೆ, ಒಳಗಿನ ಕೆಸರಿಗೆ ಎಂಥ ನಾತ, ಅದನ್ನು ತೊಳೆಯದೆ ಟಾರ್ಚ್ ಇಟ್ಟರೆ ಏನಾಗಬಹುದು, ಅದನ್ನೂ ಹೇಳಿದೆ. ಗಲ್ಲದ ಸುಟ್ಟ ಗಾಯ ತೋರಿಸಿದೆ. ಮೂರು ಇಂಚು ಎಂದುಕೊಂಡು ಆತುರದಲ್ಲಿ ಕೊಯ್ದರೆ ಇದು ಕಣ್ಣಿಗೆ ಬೀಳುತ್ತದೆ ಎಂದೆ. ಅಷ್ಟೇ.

ಯಜಮಾನರು ಅಜ್ಜನ ಮುಖ ನೋಡುತ್ತಿದ್ದರು. ಸುತ್ತಿಗೆಯನ್ನು ಎತ್ತಿ ಅವರ ಕೈಗೆ ವಾಪಸು ಕೊಟ್ಟು, "ಕೂತ್ಕೊ ಗೋವಿಂದಯ್ಯ. ಮೆಟ್ಲು ಹತ್ತಿ ದಣಿದಿದ್ದೀಯ" ಎಂದರು.

ಜ್ಞಾನೇಶ್ ಸರ್‌ಗೆ ತಡೆಯಲಾಗಲಿಲ್ಲ. "ಮಾವ, ಒಂದು ತುಂಡು ನೋಡಿ ಹಿಂಗೆ ಹೆದರಿದ್ರೆ ಹೆಂಗೆ? ಗುಜರಿ ಅಂದ್ರೆ ದುಡ್ಡು ಕೊಟ್ಟೇ ತರೋದು. ಇನ್ನೆರಡು ರೂಪಾಯಿ ಇಳಿಸಿ ಮಾತಾಡೋಣ."

"ಇದು ಗುಜರಿ ಅಲ್ಲ ಸರ್," ಎಂದೆ. "ಗುಜರಿ ಆದ್ರೆ ನಾವು ಬೇಕು ಅಂತ ಕೇಳ್ತೀವಿ. ಇದು ಅವರಿಗೆ ಬೇಡ ಆಗಿರೋದು. ಇಟ್ಕೊಳ್ಳೋ ಹಾಗೂ ಇಲ್ಲ, ಬಿಟ್ಟು ಹೋಗೋ ಹಾಗೂ ಇಲ್ಲ. ಅಂದ್ಮೇಲೆ ಕೂಲಿ ಅವರು ಕೊಡಬೇಕು."

ಪ್ರಿಯದರ್ಶಿನಿ ಮೇಡಂ ಇಷ್ಟೊತ್ತೂ ಹೋಳನ್ನೇ ನೋಡುತ್ತಿದ್ದರು. ಈಗ ಕುರ್ಚಿಯಿಂದ ಇಳಿದು ನನ್ನ ಪಕ್ಕ ನೆಲದ ಮೇಲೆ ಕುಳಿತು ಗಾರೆಯನ್ನು ಉಗುರಿನಿಂದ ಕೆರೆದರು. ಅವರ ಊರು ಶಂಕರಘಟ್ಟದ ಹತ್ತಿರವಂತೆ, ಕನ್ನಡ ನಮ್ಮದೇ.

"ನಂಗೂ ಈ ಕಾಲಿನ ಡ್ರಾಯಿಂಗ್ ಸಿಕ್ಕಿಲ್ಲ," ಎಂದರು. "ಕಟ್ಟಿದವರು ಒಬ್ಬರು, ಗ್ಯಾಸ್ ತೆಗೆದವರು ಇನ್ನೊಬ್ಬರು, ಕೊನೇಲಿ ಕೊಂಡವರು ಮತ್ತೊಬ್ಬರು. ಬಿಚ್ಚೋ ಖರ್ಚಿಗೆ ಅಂತ ಇಟ್ಟಿದ್ದು ಕ್ರೇನ್ ಹಡಗಿಗೇ ಮುಗೀತಾ ಬಂದಿದೆ. ಕಬ್ಬಿಣ ಮಾರಿ ಉಳಿದ ಖರ್ಚು ತೂಗಿಸೋಣ ಅಂತ ನಮ್ಮವರ ಲೆಕ್ಕ."

ಆ ಹಡಗಿನ ಒಂದು ದಿನದ ಬಾಡಿಗೆಯಲ್ಲಿ ನಮ್ಮ ಯಾರ್ಡಿನವರೆಲ್ಲರ ವರ್ಷದ ಸಂಬಳ ಕೊಟ್ಟು ಇನ್ನೂ ಮಿಗುತ್ತದಂತೆ.

"ಮೇಡಂ, ಮದುವೆಗೆ ಚಪ್ಪರ ಹಾಕಿಸೋವಾಗ ಹಾಕೋ ಕೂಲಿ, ಕೀಳೋ ಕೂಲಿ ಎರಡೂ ಸೇರಿಸೇ ಮಾತಾಡ್ತೀವಿ," ಎಂದೆ. "ಇಲ್ಲಾಂದ್ರೆ ಊಟ ಆದ್ಮೇಲೆ ಯಾರೂ ಕೈಗೆ ಸಿಗಲ್ಲ. ಸಮುದ್ರದಲ್ಲಿ ಇಷ್ಟು ದೊಡ್ಡ ಚಪ್ಪರ ಹಾಕೋವಾಗ ಯಾರೂ ಮಾತಾಡಲಿಲ್ವಾ?"

ಮೇಡಂ ನಕ್ಕರು, ಆಮೇಲೆ ನಗು ನಿಲ್ಲಿಸಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. ಕಬ್ಬಿಣವನ್ನು ಬೇರೆ ತೂಗಬೇಕು, ಕೊಯ್ಯುವ ಕೂಲಿ ಕಂಪನಿ ಕೊಡಬೇಕು, ಗಾರೆಯೂ ಕೆಸರೂ ಕಂಪನಿಯ ಪಾಲು, ಹೀಗೆ ಬರೆಸಿ ಕಳಿಸಿದರು. ಒಪ್ಪಿದರೆ ಸರಿ, ಇಲ್ಲದಿದ್ದರೆ ಬೇಡ.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜ ಕಿಟಕಿ ಪಕ್ಕ ಕುಳಿತು ನಿದ್ದೆ ಹೋದರು. ಎಷ್ಟೋ ದಿನದ ನಿದ್ದೆ ಇರಬೇಕು, ಇಳಿಯುವಾಗ ಎಬ್ಬಿಸಬೇಕಾಯಿತು.

ಹೆಚ್ಚು ಬರೆಯಲಾರೆ ಎಂದವಳು ನಾಲ್ಕು ಪುಟ ಬರೆದಿದ್ದೇನೆ.

ನವೆಂಬರ್ 24, ಸೋಮವಾರ

ಕಂಪನಿಯಿಂದ ಸುದ್ದಿಯಿಲ್ಲ. ಶೆಡ್ಡಿನ ಕೆಲಸ ಮುಗಿಯಿತು. ನಾಲ್ಕು ಜನ ಬೀಡಿ ಸೇದುತ್ತಾ ಕುಳಿತಿದ್ದರು. "ಕೈಗೆ ಬಂದಿದ್ದನ್ನ ಒದ್ದು ಬಂದ್ಳು" ಎಂದು ಒಬ್ಬ ನನಗೆ ಕೇಳುವ ಹಾಗೆ ಹೇಳಿದ. ನಾನು ಹೋಗಿ ಅವನ ಮುಂದೆ ನಿಂತು ಇಪ್ಪತ್ತೆರಡು ಕಿಲೋದ ಲೆಕ್ಕವನ್ನು ಮೊದಲಿಂದ ಹೇಳಿದೆ. ಆಮೇಲೆ ನಲ್ಲಿಯಲ್ಲಿ ನೀರು ಬಂತು, ಹೋಗಿ ಡ್ರಮ್ಮು ತುಂಬಿಸಿದೆ.

ನವೆಂಬರ್ 28, ಶುಕ್ರವಾರ

ಕಾಗದ ಬಂತು. ನಮ್ಮ ಷರತ್ತು ಒಪ್ಪಿದ್ದಾರೆ, ಆದರೆ ನಮಗೆ ಕೊಡುವುದು ಅಟ್ಟಣೆಯ ಎರಡು ಕಾಲುಗಳನ್ನು ಮಾತ್ರ, ನೂರಿಪ್ಪತ್ತು ಟನ್. ಉಳಿದದ್ದನ್ನು ಕರಾವಳಿಯ ಕಡೆಯ ಒಂದು ಯಾರ್ಡಿನವರು ನಮ್ಮ ಹಳೆಯ ದರಕ್ಕೇ, ತಾವೇ ದುಡ್ಡು ಕೊಟ್ಟು, ತೆಗೆದುಕೊಂಡರಂತೆ. ಎಲ್ಲವನ್ನೂ ಇಳಿಸಿಕೊಳ್ಳಲು ಅವರಲ್ಲಿ ಜಾಗವಿಲ್ಲದ್ದರಿಂದ ನಮಗೆ ಇಷ್ಟು. ನಮಗೆ ಮೂರು ತಿಂಗಳ ಕೆಲಸ ಆಗುತ್ತದೆ. ಯಜಮಾನರು "ಮೂರು ತಿಂಗಳು ನಷ್ಟ ಇಲ್ದೆ ಬದುಕೋದು ಒಂದು ವರ್ಷ ಮುಳುಗೋದಕ್ಕಿಂತ ವಾಸಿ" ಎಂದರು. ಜ್ಞಾನೇಶ್ ಸರ್ ಆಫೀಸಿನ ಟೈಲ್ಸ್ ದುಡ್ಡನ್ನು ಮಾತ್ರ ನೆನಪಿಸಿದರು.

ಅಜ್ಜ ಇವತ್ತು ಸುತ್ತಿಗೆಯನ್ನು ಯಾರ್ಡಿನ ಮೊಳೆಗೆ ವಾಪಸು ನೇತುಹಾಕಿದರು. ಕಂಬದ ಹತ್ತಿರ ಕುಳಿತು ಗಾರೆ ಇರುವ ಕಡೆ, ಗಾರೆ ತೆಗೆದ ಕಡೆ, ಬಡಿದು ಬಡಿದು ಕೇಳುತ್ತಿದ್ದರು. "ವ್ಯತ್ಯಾಸ ಇದೆ ಸರಸು. ಗಾರೆಯದ್ದು ಕೊನೇಲಿ ಸ್ವಲ್ಪ ಮರಳು ಮರಳು. ನೀನೂ ಕೇಳು." ಕಿವಿ ಇಟ್ಟೆ. ನನಗೆ ಕೇಳಿಸಲಿಲ್ಲ. ಹಾಗೆಂದೇ ಹೇಳಿದೆ. "ಕೇಳ್ಸುತ್ತೆ, ಇನ್ನೊಂದು ಹತ್ತು ವರ್ಷ" ಎಂದರು. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಇನ್ನು ಮುಂದೆ ಏನೇ ಬಂದರೂ ಮೊದಲು ಅವರು ಬಡಿಯುವುದು, ಆಮೇಲೆ ನಾನು ಕಿಟಕಿ ಕೊಯ್ಯುವುದು, ಆಮೇಲೇ ದರ.

ಕರಾವಳಿಯ ಆ ಯಾರ್ಡಿನಲ್ಲಿ ಯಾರು ಟಾರ್ಚ್ ಹಿಡಿಯುತ್ತಾರೋ. ಸುಟ್ಟ ಗಾಯ ಒ​ಣಗಿದೆ, ಅಲ್ಲೇ ಕೈ ಹೋಗುತ್ತದೆ.

ಡಿಸೆಂಬರ್ 1, ಸೋಮವಾರ

ಈ ಪುಟದ ಮೇಲೆ ಜನವರಿ ಇಪ್ಪತ್ತೆರಡು ಎಂದಿದೆ. ಇನ್ನೂ ಬೇಕಾದಷ್ಟು ಪುಟಗಳಿವೆ.

ಯಾರ್ಡಿಗೆ ಹೋಗುವ ಮೊದಲು ಬರೆಯುತ್ತಿದ್ದೇನೆ. ನಿನ್ನೆ ಮೆಸೇಜ್ ಮಾಡಿ ಪ್ರಿಯದರ್ಶಿನಿ ಮೇಡಂ ಹತ್ತಿರ ಆ ಯಾರ್ಡಿನ ನಂಬರ್ ತೆಗೆದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಮ್ಮ ನೀರು ಕಾಯಿಸುತ್ತಿದ್ದಾಗ ಹಿತ್ತಲಿಗೆ ಹೋಗಿ ಫೋನು ಮಾಡಿದೆ. ಯಾರೋ ಗಂಡಸು ಎತ್ತಿಕೊಂಡರು.

"ಹಲೋ, ಯಾರು ಮಾತಾಡುದು?"

"ಭದ್ರಾವತಿಯಿಂದ ಸರಸ್ವತಿ. ಗ್ಯಾಸ್ ಕಟಿಂಗ್ ಮಾಡ್ತೀನಿ. ನಿಮಗೆ ಸಮುದ್ರದ ಕಾಲು ಬರುತ್ತಲ್ಲ, ಅದರ ವಿಷಯ."

"ಎಂತ ವಿಷಯ? ನಮ್ಮದು ದರ ಎಲ್ಲ ಆಗಿದೆ ಮಾರಾಯ್ತಿ."

"ದರದ ಮಾತು ಆಮೇಲೆ. ಮೊದಲು ಟಾರ್ಚ್ ಹಿಡಿಯೋರನ್ನ ಕರೀರಿ."

ಆಚೆ ಅವರು ಯಾರನ್ನೋ ಕೂಗಿದರು, ಚಪ್ಪಲಿಯ ಸದ್ದು ಹತ್ತಿರ ಬಂತು. ಹಾಲಿನವನು ಬಾಗಿಲಲ್ಲಿ ಗಂಟೆ ಬಾರಿಸುತ್ತಿದ್ದ, ಅಮ್ಮ ಕರೆಯುತ್ತಿದ್ದಳು. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಒಗೆಯುವ ಕಲ್ಲಿನ ಮೇಲೆ ಕುಳಿತು, ಮೊದಲು ನೀರು ಬಿಡಬೇಕು ಎಂಬಲ್ಲಿಂದ ಹೇಳಲು ಶುರು ಮಾಡಿದೆ.